ಉಲ್ಟಾ ಹಾಕಿದ ಫಿಲ್ಮ್

ಅಪ್ಪನಿಗೆ ಏಳು ತಿಂಗಳಿಂದ ಗೊತ್ತಿತ್ತು. ನನಗೆ ಗೊತ್ತಿದ್ದದ್ದು ಹದಿನೆಂಟು ದಿನ ಮಾತ್ರ. ಆ ಏಳು ತಿಂಗಳೂ ನಾನು ಕಲಬುರಗಿಯ ಒಂದು ಆಸ್ಪತ್ರೆಯ ಎಕ್ಸ್‌ರೇ ವಿಭಾಗದಲ್ಲಿ ನಿಂತು ಬೇರೆಯವರ ಎದೆಯ ಫೋಟೋ ತೆಗೆಯುವುದನ್ನು ಕಲಿಯುತ್ತಿದ್ದೆ. ಅಪ್ಪನ ಎದೆಯ ಫೋಟೋ ತೆಗೆದದ್ದೂ ಅಲ್ಲೇ, ಅದೇ ಕೋಣೆಯಲ್ಲಿ. ಇದು ನನಗೆ ತಿಳಿದದ್ದು ಅಪ್ಪ ಹೋದ ಮೇಲೆ.

ಪಿಯುಸಿ ಮುಗಿಸಿ ಒಂದು ವರ್ಷ ಮನೆಯಲ್ಲಿ ಕುಳಿತಿದ್ದೆ. ಆಸ್ಪತ್ರೆಯವರೇ ನಡೆಸುವ ಎರಡು ವರ್ಷದ ತರಬೇತಿ ಇದೆ, ಕೆಲಸ ಮಾಡುತ್ತಲೇ ಕಲಿಯಬಹುದು ಎಂದು ಅಪ್ಪನೇ ಎಲ್ಲಿಂದಲೋ ಕೇಳಿಕೊಂಡು ಬಂದ. ಅಪ್ಪ ಕಪನೂರಿನ ಒಂದು ದಾಲ್ ಮಿಲ್ಲಿನಲ್ಲಿ ಯಂತ್ರ ನೋಡಿಕೊಳ್ಳುತ್ತಿದ್ದ. ಕಮಲಾಪುರದಿಂದ ಬೆಳಿಗ್ಗೆಯ ಬಸ್ಸಿಗೆ ಇಬ್ಬರೂ ಒಟ್ಟಿಗೆ ಹೊರಡುತ್ತಿದ್ದೆವು. ಅಪ್ಪ ಕಪನೂರಿನಲ್ಲಿ ಇಳಿಯುತ್ತಿದ್ದ, ನಾನು ಮುಂದೆ ಊರೊಳಗೆ ಹೋಗುತ್ತಿದ್ದೆ. ಬಸ್ಸು ಬಿಡುವಾಗ ಕಿಟಕಿಯಿಂದ ನೋಡಿದರೆ ಅಪ್ಪ ಟವೆಲ್ಲನ್ನು ಮೂಗು ಬಾಯಿಗೆ ಸುತ್ತಿಕೊಳ್ಳುತ್ತ ಮಿಲ್ಲಿನ ದಾರಿ ಹಿಡಿದಿರುತ್ತಿದ್ದ. ಒಂದು ದಿನವೂ ತಿರುಗಿ ನೋಡಿದವನಲ್ಲ.

ತರಬೇತಿಗೆ ನಾವು ಐದು ಜನ. ನಮಗೆ ಕಲಿಸಿದವರು ವಿಭಾಗದ ಹಿರಿಯ ಟೆಕ್ನಿಷಿಯನ್. ನಾವು ಅವರನ್ನು ಸರ್ ಎನ್ನುತ್ತಿದ್ದೆವು. ಅವರ ಮನೆ ಕಲಬುರಗಿಯ ಐವಾನ್-ಎ-ಶಾಹಿಯ ಹತ್ತಿರ, ಮನೆಯ ಮಾತು ದಖ್ನಿ ಉರ್ದು, ನಮ್ಮೊಡನೆ ಕನ್ನಡ. ಹುಡುಗರನ್ನೂ ಹುಡುಗಿಯರನ್ನೂ ಬೇಟಾ ಎಂದೇ ಕರೆಯುತ್ತಿದ್ದರು. ಎಕ್ಸ್‌ರೇಗೆ ಬಂದವರು ಕೂದಲು ಬಾಚಿಕೊಳ್ಳತೊಡಗಿದರೆ, "ಕಾಕಾ, ಕ್ರಾಪು ಬರಂಗಿಲ್ರಿ ಇದರಾಗ, ಬರೇ ಎಲುಬು ಬರ್ತಾವ. ಎಲುಬಿಗಿ ಏನರ ಪೌಡರ್ ಹಚ್ಚೋದಿದ್ರ ನೋಡ್ರಿ" ಎನ್ನುತ್ತಿದ್ದರು. ಹೆದರಿಕೊಂಡು ಬಂದವರೂ ನಗುತ್ತಿದ್ದರು. ನಾನು ಅವರನ್ನು ಬಹಳ ನಂಬಿದ್ದೆ. ಅದನ್ನು ಮೊದಲೇ ಹೇಳಿಬಿಡಬೇಕು.

ಎದೆಯ ಫೋಟೋ ತೆಗೆಯುವ ಕ್ರಮ ಹೀಗೆ. ರೋಗಿ ಸ್ಟ್ಯಾಂಡಿಗೆ ಎದೆ ಒತ್ತಿ ನಿಲ್ಲಬೇಕು, ಗದ್ದ ಮೇಲಿರಬೇಕು, ಕೈ ಸೊಂಟದ ಮೇಲೆ, ಭುಜ ಮುಂದಕ್ಕೆ. ಆಮೇಲೆ ನಾವು ಗಾಜಿನ ಹಿಂದೆ ಹೋಗಿ, "ಉಸಿರು ಎಳಕೊಳ್ರಿ, ಹಿಡೀರಿ" ಎಂದು ಗುಂಡಿ ಒತ್ತಿ, "ಬಿಡ್ರಿ" ಎನ್ನಬೇಕು. ಮೊದಲ ತಿಂಗಳು ನಾನು ಒಬ್ಬ ಮುದುಕರಿಗೆ ಹಿಡೀರಿ ಎಂದವಳು, ಫೋಟೋ ಸರಿ ಬಂದಿತೇ ಎಂದು ಪರದೆ ನೋಡುತ್ತ ನಿಂತುಬಿಟ್ಟೆ. ಬಿಡ್ರಿ ಎನ್ನುವುದು ಮರೆತೇಹೋಯಿತು. ಸರ್ ಓಡಿ ಬಂದು ಅವರ ಬೆನ್ನು ತಟ್ಟಿದಾಗ ಮುದುಕರ ಮುಖ ಕೆಂಪಾಗಿತ್ತು.

"ಫೋಟೋ ಕೆಡ್ತದಂತ ಹಿಡದೀನವ್ವಾ" ಎಂದರು ಅವರು ಏದುತ್ತ, ತಪ್ಪು ತಮ್ಮದೇ ಎಂಬಂತೆ.

ಅವರು ಹೋದ ಮೇಲೆ ಸರ್ ನನ್ನ ಕಡೆ ತಿರುಗಿದರು. "ಹಿಡೀರಿ ಅಂದಾಕಿನೇ ಬಿಡ್ರಿ ಅನ್ನಬೇಕು ಬೇಟಾ. ನಮ್ಮ ಕಡೀ ಮಂದಿ ಹೇಳಿದ ಮಾತು ಮೀರಂಗಿಲ್ಲ. ನೀ ಅನ್ನಲಿಲ್ಲಂದ್ರ ಹಂಗೇ ನಿಂತಿರ್ತಾರ."

ಆ ದಿನದಿಂದ ಮನೆಯಲ್ಲಿ ಅಪ್ಪನ ಮೇಲೆ ಅಭ್ಯಾಸ ಶುರು ಮಾಡಿದೆ. ಊಟಕ್ಕೆ ಮೊದಲು ಅಪ್ಪ ಅಡುಗೆ ಮನೆಯ ಬಾಗಿಲಿಗೆ ಎದೆ ಒತ್ತಿ ನಿಲ್ಲಬೇಕು. ನಾನು ಭುಜ ಹಿಡಿದು ಮುಂದಕ್ಕೆ ತಳ್ಳಬೇಕು. ಅಪ್ಪನ ಎಡಗಡೆ, ಭುಜದಿಂದ ಕೊರಳಿಗೆ ಬರುವ ಎಲುಬಿನ ಮೇಲೆ ಒಂದು ಗಂಟಿತ್ತು. ನಾನು ಹುಟ್ಟುವ ಮೊದಲು ಮಿಲ್ಲಿನಲ್ಲಿ ಚೀಲ ಪೇರಿಸಿದ ಥಪ್ಪಿಯಿಂದ ಬಿದ್ದು ಮುರಿದುಕೊಂಡು, ಎಲುಬು ಕಟ್ಟುವ ನಾಟಿ ವೈದ್ಯರ ಹತ್ತಿರ ಕಟ್ಟಿಸಿಕೊಂಡಿದ್ದ. ಅದು ಸೊಟ್ಟಗೇ ಕೂಡಿತ್ತು. ಚಿಕ್ಕಂದಿನಲ್ಲಿ ಅಪ್ಪ ಎತ್ತಿಕೊಂಡಾಗ ನಾನು ಆ ಗಂಟಿನ ಮೇಲೆ ಹೆಬ್ಬೆರಳಿಟ್ಟುಕೊಂಡು ಮಲಗುತ್ತಿದ್ದೆನಂತೆ.

"ಇನ್ನೂ ಎಷ್ಟೊತ್ತು ನಿಲ್ಲಸ್ತಿ ನಿಮ್ಮಪ್ಪಗ?" ಎಂದು ಅವ್ವ ರೊಟ್ಟಿ ಬಡಿಯುತ್ತ ಕೇಳುತ್ತಿದ್ದಳು. "ಸಾಲಿಯಾಗ ಮಾಸ್ತರ್ ನಿಲ್ಲಿಸಿದ್ದಾದ ಮ್ಯಾಲ ಈಗ ನೀ ನಿಲ್ಲಸ್ಲಾಕತ್ತಿ."

"ಮಾತಾಡಸಬ್ಯಾಡ, ಉಸಿರು ಹಿಡದೀನಿ" ಎಂದು ಅಪ್ಪ ಬಾಗಿಲಿಗೆ ಮುಖ ಮಾಡಿಯೇ ಹೇಳುತ್ತಿದ್ದ.

"ಉಸಿರು ಹಿಡದವರು ಮಾತಾಡ್ತಾರೇನು?"

ಹೀಗೆ ಅಪ್ಪ ಚೆನ್ನಾಗಿ ಕಲಿತ. ಕೊನೆಕೊನೆಗೆ ನಾನು ಕೈ ಹಚ್ಚದಿದ್ದರೂ ಭುಜ ತಾನಾಗಿ ಮುಂದೆ ಬರುತ್ತಿತ್ತು.

ವಿಭಾಗದಲ್ಲಿ ಇನ್ನೆರಡು ಪದ್ಧತಿಗಳಿದ್ದವು. ಮೊದಲನೆಯದು, ಫೋಟೋದಲ್ಲಿ ಏನು ಕಂಡರೂ ನಾವು ಹೇಳುವಂತಿಲ್ಲ. ರೋಗಿ ಕೇಳಿದರೂ, ರೋಗಿಯ ಮಕ್ಕಳು ಕೈ ಹಿಡಿದು ಕೇಳಿದರೂ, "ಡಾಕ್ಟರ್ ಹೇಳ್ತಾರ್ರಿ" ಎನ್ನಬೇಕು. ಫೋಟೋ ಸರಿಯಾಗಿ ತೆಗೆಯುವುದಷ್ಟೇ ನಮ್ಮ ಕೆಲಸ. ಎರಡನೆಯದು ಸರ್ ಅವರದೇ ಪದ್ಧತಿ. ಪಾಠಕ್ಕೆ ಫಿಲ್ಮ್ ಆರಿಸಿದಾಗ ಅದರ ಮೂಲೆಯಲ್ಲಿ ಅಚ್ಚಾದ ಹೆಸರು, ತಾರೀಖು, ಎಡ ಬಲ ತೋರಿಸುವ ಅಕ್ಷರ ಎಲ್ಲದರ ಮೇಲೂ ಬಿಳಿ ಪ್ಲಾಸ್ಟರ್ ಪಟ್ಟಿ ಅಂಟಿಸುತ್ತಿದ್ದರು. ಗಾಯಕ್ಕೆ ಹಚ್ಚುವ ಅದೇ ಪಟ್ಟಿ. ಯಾರದೆಂದು ತಿಳಿಯಬಾರದು, ನೋಡಿ ಹೇಳಬೇಕು. ಪಟ್ಟಿಯ ತುದಿಯನ್ನು ಅವರು ಕತ್ತರಿಯಿಂದ ಕತ್ತರಿಸುತ್ತಿರಲಿಲ್ಲ, ಹಲ್ಲಿನಿಂದ ಹರಿಯುತ್ತಿದ್ದರು. ಹಾಗಾಗಿ ಅದರ ಅಂಚು ಯಾವಾಗಲೂ ಎಳೆ ಎಳೆಯಾಗಿ ಬಿಟ್ಟಿರುತ್ತಿತ್ತು.

ಎರಡನೆಯ ವರ್ಷ ನಡೆಯುತ್ತಿತ್ತು. ಒಂದು ಬೆಳಿಗ್ಗೆ ಬಸ್ಸಿನಲ್ಲಿ ಅಪ್ಪ ಕೇಳಿದ, "ಯವ್ವಾ, ನೀವು ಐದೂ ಮಂದಿ ದಿನಾ ಆ ಮಿಷನ್ ಹಂತ್ಯಾಕೇ ಇರ್ತೀರೇನು?"

"ಗುರುವಾರ ಇರಂಗಿಲ್ಲಪ್ಪಾ. ಗುರುವಾರ ಪೂರ್ತಿ ದಿನ ಮ್ಯಾಲಿನ ಮಾಳಿಗ್ಯಾಗ ಕ್ಲಾಸ್ ಇರ್ತದ. ಡಾಕ್ಟರ್ ಬಂದು ಹೇಳ್ತಾರ."

"ಹಂಗಾದ್ರ ಕೆಳಗ ಯಾರು ನೋಡ್ತಾರ?"

"ಸರ್ ಒಬ್ಬರೇ."

ಅಪ್ಪ ತಲೆಯಾಡಿಸಿ ಕಿಟಕಿಯ ಹೊರಗೆ ನೋಡಿದ. ನನ್ನ ಓದಿನ ಬಗ್ಗೆ ಇಷ್ಟು ಕಾಳಜಿಯಿಂದ ಕೇಳಿದನಲ್ಲ ಎಂದು ನನಗೆ ಸಂತೋಷವಾಯಿತು. ಮಧ್ಯಾಹ್ನ ಊಟಕ್ಕೆ ಎಷ್ಟು ಹೊತ್ತಿಗೆ ಬಿಡುತ್ತಾರೆ, ಯಾವ ಮೆಟ್ಟಿಲಿನಿಂದ ಇಳಿಯುತ್ತೇವೆ, ಅದನ್ನೂ ಹೇಳಿದೆ. ಕೇಳದಿದ್ದರೂ ಹೇಳಿದೆ.

ಅದಾದ ಮುಂದಿನ ವಾರ, ಮಂಗಳವಾರ ಊಟದ ಹೊತ್ತಿನಲ್ಲಿ, ಸರ್ ನಮ್ಮನ್ನು ಕರೆದು ಬೆಳಕಿನ ಪೆಟ್ಟಿಗೆಯ ಮೇಲೆ ಒಂದು ಎದೆಯ ಫಿಲ್ಮ್ ಹಾಕಿದರು. ಮೂಲೆಯಲ್ಲಿ ಬಿಳಿ ಪಟ್ಟಿ. "ಏನು ತಪ್ಪದ ಹೇಳ್ರಿ" ಎಂದರು.

ಫಿಲ್ಮ್ ಎರಡೂ ಕಡೆಯಿಂದ ಕಾಣುತ್ತದೆ. ಸರಿಯಾಗಿ ಹಾಕಿದರೆ ಅದು ನಮ್ಮೆದುರು ಮುಖ ಮಾಡಿ ನಿಂತ ಮನುಷ್ಯನಂತಿರಬೇಕು. ಅವನ ಎಡ ನಮ್ಮ ಬಲಕ್ಕೆ ಬರಬೇಕು, ಹೃದಯದ ನೆರಳು ನಮ್ಮ ಬಲಕ್ಕೆ ವಾಲಿರಬೇಕು. ಇಲ್ಲಿ ಅದು ಎಡಕ್ಕೆ ವಾಲಿತ್ತು.

"ಫಿಲ್ಮ್ ಉಲ್ಟಾ ಅದ ಸರ್" ಎಂದೆ ನಾನು, ಎಲ್ಲರಿಗಿಂತ ಮೊದಲು.

"ಹಾಂ. ಮತ್ತ?"

ನಾನು ಪಕ್ಕೆಲುಬು ಎಣಿಸಿದೆ. ಹತ್ತು ಸ್ಪಷ್ಟವಾಗಿ ಕಾಣುತ್ತಿದ್ದವು. "ಉಸಿರು ಭಾಳ ಛಲೋ ಹಿಡದಾರ. ಭುಜಾನೂ ಮುಂದ ಬಂದಾವ. ಯಾರೋ ಮನ್ಯಾಗ ಕಲಿಸಿ ಕಳಿಸಿದಂಗ ಅದ ಸರ್."

ಎಲ್ಲರೂ ನಕ್ಕರು. ಸರ್ ಕನ್ನಡಕ ತೆಗೆದು ಒರೆಸತೊಡಗಿದರು. ನನ್ನ ಪಕ್ಕದ ಹುಡುಗಿ, "ಬಲಗಡೆ ಕೊರಳಿನ ಎಲುಬು ಹಿಂದೊಮ್ಮೆ ಮುರದು ಕೂಡ್ಯಾದ ಸರ್" ಎಂದಳು. ಇನ್ನೊಬ್ಬ, "ಮ್ಯಾಲ ಬೆಳ್ಳಗ ಗುಂಡಗ ಅದಲ್ಲ, ಏನದು?" ಎಂದ.

"ಅದು ಡಾಕ್ಟರ್ ಕೆಲಸ" ಎಂದು ಸರ್ ದೀಪ ಆರಿಸಿ ಫಿಲ್ಮ್ ತೆಗೆದುಬಿಟ್ಟರು. ಹೋಗುವಾಗ ನನ್ನ ತಲೆಯ ಮೇಲೆ ಕೈಯಿಟ್ಟರು. ಎಂದೂ ಹಾಗೆ ಮಾಡಿದವರಲ್ಲ. ಸರಿಯಾದ ಉತ್ತರಕ್ಕೆ ಮೆಚ್ಚಿದರು ಎಂದುಕೊಂಡೆ.

ಫಿಲ್ಮ್ ಉಲ್ಟಾ ಎಂದವಳು ನಾನೇ. ಹಾಗಿದ್ದ ಮೇಲೆ ಆ ಹುಡುಗಿ ಬಲ ಎಂದದ್ದು ಎಡ ಎಂದು ನನಗೇ ಮೊದಲು ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಹೊಗಳಿಸಿಕೊಂಡ ಖುಷಿಯಲ್ಲಿದ್ದೆ.

ಆಮೇಲೆ ಅಪ್ಪನ ಕೆಮ್ಮು ಹೆಚ್ಚಾಯಿತು. ಬೇಳೆಯ ಧೂಳು ಎಂದ. ಮಿಲ್ಲು ಬಿಟ್ಟ. ಯಂತ್ರದ ಕೆಲಸಕ್ಕೆ ಹೊಸಬರು ಬಂದಿದ್ದಾರೆ, ಇನ್ನು ಸಾಕು ಎಂದ. ಬಸ್ಸಿನಲ್ಲಿ ನಾನೊಬ್ಬಳೇ ಹೋಗತೊಡಗಿದೆ. "ನಮ್ಮಲ್ಲಿಗಿ ಬಾ ಅಪ್ಪಾ, ಒಂದು ಎಕ್ಸ್‌ರೇ ತಗಸೋಣು" ಎಂದು ಎಷ್ಟು ಸಲ ಕರೆದೆನೋ ಲೆಕ್ಕವಿಲ್ಲ.

"ನಿಂದು ಕೋರ್ಸ್ ಮುಗೀಲಿ, ನೀನೇ ತಗೀವಂತಿ" ಎನ್ನುತ್ತಿದ್ದ. "ಮಗಳು ಇರಬೇಕಾದ್ರ ಬ್ಯಾರೆಯವರ ಕೈಲಿ ಯಾಕ ತಗಸಲಿ?"

ನಾನು ಅದನ್ನೂ ನಂಬಿದೆ. ನಂಬಿದ್ದಷ್ಟೇ ಅಲ್ಲ, ಹೆಮ್ಮೆಪಟ್ಟು ವಿಭಾಗದಲ್ಲಿ ಎಲ್ಲರಿಗೂ ಹೇಳಿದೆ. ಸರ್ ಅಲ್ಲೇ ಕುಳಿತಿದ್ದರು. ರಿಜಿಸ್ಟರಿನಿಂದ ತಲೆ ಎತ್ತಲಿಲ್ಲ.

ಒಂದು ಬೆಳಿಗ್ಗೆ ಕೆಮ್ಮಿದಾಗ ರಕ್ತ ಬಂತು. ನನ್ನ ಚಿಕ್ಕಪ್ಪ ಗಾಡಿ ಮಾಡಿಸಿ ಬೇರೆ ಆಸ್ಪತ್ರೆಗೆ ಕರೆದುಕೊಂಡು ಹೋದ. ನಾನು ಕೆಲಸಕ್ಕೆ ಹೊರಟಿದ್ದ ಬಟ್ಟೆಯಲ್ಲೇ ಹೋಗಿದ್ದೆ; ಅಲ್ಲಿಯ ಡಾಕ್ಟರ್ ನನ್ನ ಬಿಳಿ ಕೋಟು ನೋಡಿ, "ನೀವು ಈ ಲೈನಿನಾಗೇ ಇದ್ದೀರಿ, ಇಷ್ಟು ದಿನ ಏನು ಮಾಡಿದ್ರಿ?" ಎಂದು ಕೇಳಿದರು. ಶ್ವಾಸಕೋಶದ ಕ್ಯಾನ್ಸರ್ ಎರಡೂ ಕಡೆಗೆ ಹರಡಿತ್ತು. ಅಲ್ಲಿಂದ ಹದಿನೆಂಟು ದಿನ. ಆ ದಿನಗಳಲ್ಲಿ ನಾನು ಅಪ್ಪನ ಹತ್ತಿರ ಕುಳಿತು ಮತ್ತೆ ಮತ್ತೆ ಹೇಳಿದ್ದು ಒಂದೇ ಮಾತು, ನನಗೆ ಗೊತ್ತಾಗಬೇಕಿತ್ತು, ತಪ್ಪಾಯಿತು ಎಂದು. ಅಪ್ಪ ನನ್ನ ಕೈ ಹಿಡಿದುಕೊಂಡು ಸುಮ್ಮನೆ ಕೇಳಿಸಿಕೊಂಡ. ಆಗಲೂ ಹೇಳಲಿಲ್ಲ. ನನಗೆ ಇಂದಿಗೂ ತಡೆದುಕೊಳ್ಳಲಾಗದ್ದು ಇದೇ.

ಅಪ್ಪ ಹೋಗಿ ಎರಡು ವಾರವಾದ ಮೇಲೆ ಮರಣ ಪ್ರಮಾಣಪತ್ರಕ್ಕೆಂದು ಅವನ ಆಧಾರ್ ಕಾರ್ಡು ಹುಡುಕುತ್ತಿದ್ದೆ. ಟ್ರಂಕಿನ ತಳದಲ್ಲಿ, ಅವ್ವನ ಮದುವೆ ಸೀರೆಯ ಕೆಳಗೆ, ಒಂದು ದೊಡ್ಡ ಕಂದು ಲಕೋಟೆ ಸಿಕ್ಕಿತು. ಮೇಲೆ ನಮ್ಮ ಆಸ್ಪತ್ರೆಯ ಮುದ್ರೆ. ಒಳಗೆ ಒಂದು ಫಿಲ್ಮ್. ಮೂಲೆಯಲ್ಲಿ ಬಿಳಿ ಪಟ್ಟಿ, ಹಲ್ಲಿನಿಂದ ಹರಿದದ್ದು.

ಕಿಟಕಿಯ ಬೆಳಕಿಗೆ ಹಿಡಿದೆ. ಕೈಗೆ ಅಭ್ಯಾಸವಾಗಿತ್ತು, ಸರಿಯಾಗಿಯೇ ಹಿಡಿದೆ. ಹೃದಯ ನನ್ನ ಬಲಕ್ಕೆ. ಆದರೂ ನನಗೆ ಬೇಗ ತಿಳಿಯಲಿಲ್ಲ. ಈ ಪಾಠದ ಫಿಲ್ಮ್ ನಮ್ಮ ಟ್ರಂಕಿಗೆ ಹೇಗೆ ಬಂತು, ನಾನೇ ಯಾವಾಗಲಾದರೂ ತಂದಿದ್ದೆನೇ ಎಂದು ಯೋಚಿಸುತ್ತಿದ್ದೆ. ಅಷ್ಟರಲ್ಲಿ ಅವ್ವ ಬಂದಳು. ಅವ್ವನಿಗೆ ಓದು ಬರುವುದಿಲ್ಲ. ಎಕ್ಸ್‌ರೇ ಎಂದರೆ ಯಾವುದು ಮೇಲೆ ಯಾವುದು ಕೆಳಗೆ ಎಂದೂ ತಿಳಿಯದು. ಅವಳ ಬೆರಳು ನೇರವಾಗಿ ಹೋಗಿ ಸೊಟ್ಟ ಎಲುಬಿನ ಮೇಲೆ ನಿಂತಿತು.

"ಇದೇ ನೋಡು, ಥಪ್ಪಿ ಮ್ಯಾಲಿಂದ ಬಿದ್ದಿದ್ದು" ಎಂದಳು.

ನಾನು ಪಟ್ಟಿ ಕಿತ್ತೆ. ಅಪ್ಪನ ಹೆಸರು. ತಾರೀಖು ಏಳು ತಿಂಗಳ ಹಿಂದಿನದು. ಗೋಡೆಯ ಕ್ಯಾಲೆಂಡರಿನ ಹಾಳೆ ಹಿಂದಕ್ಕೆ ಮಗುಚಿ ನೋಡಿದೆ. ಗುರುವಾರ.

"ನಿಂಗೂ ಗೊತ್ತಿತ್ತೇನವ್ವಾ?"

ಅವ್ವ ನೆಲದ ಮೇಲೆ ಕುಳಿತಳು. "ನಿಂಗ ಹೇಳಿದ್ರ ಕೋರ್ಸ್ ಬಿಟ್ಟು ಬಂದು ಕುಂದರ್ತಿದ್ದಿ. ಇನ್ನ ಒಂಬತ್ತು ತಿಂಗಳು ಅದ, ಅಲ್ಲೀತನಕ ತಡೀತೀನಿ ಅಂದ್ರು. ನನ್ನ ಕಡಿಂದ ಆಣಿ ಹಾಕಿಸ್ಕೊಂಡ್ರು. ನಾ ಏನ ಮಾಡಲಿ?"

ಮರುದಿನ ಆ ಲಕೋಟೆ ಹಿಡಿದುಕೊಂಡು ಬಸ್ಸು ಹತ್ತಿದೆ. ಕಪನೂರಿನಲ್ಲಿ ಬಸ್ಸು ನಿಂತಾಗ ಕಿಟಕಿಯ ಕಡೆ ನೋಡಲಿಲ್ಲ. ವಿಭಾಗದಲ್ಲಿ ಸರ್ ಒಬ್ಬರೇ ಇದ್ದರು. ನಾನು ಲಕೋಟೆಯನ್ನು ಮೇಜಿನ ಮೇಲಿಟ್ಟೆ. ಅವರು ಅದನ್ನು ತೆರೆಯಲಿಲ್ಲ.

"ಕೂಡು ಬೇಟಾ" ಎಂದರು.

ನಾನು ಕೂಡಲಿಲ್ಲ.

"ನಿಮ್ಮಪ್ಪ ಈ ಬಾಗಿಲದಾಗ ನಿಂತು ಕೈ ಮುಗದ್ರು. ಮಗಳಿಗಿ ಹೇಳಬ್ಯಾಡ್ರಿ ಅಂದ್ರು. ಮಾತು ಕೊಟ್ಟೆ. ಮತ್ತ ಹೇಳೋದು ನಮ್ಮ ಕೆಲಸಾನೂ ಅಲ್ಲ."

"ಕ್ಲಾಸಿನಾಗ ಯಾಕ ಹಾಕಿದ್ರಿ ಹಂಗಾದ್ರ?"

ಹೊರಗೆ ಯಾರೋ ಚೀಟಿ ಹಿಡಿದು ಇಣುಕಿದರು. "ಐದು ಮಿನಿಟ್ ಕೂಡ್ರಿ ಕಾಕಾ" ಎಂದು ಸರ್ ಅವರನ್ನು ಕಳಿಸಿದರು.

"ಹೇಳಂಗಿಲ್ಲಂತ ಮಾತು ಕೊಟ್ಟಿದ್ದೆ" ಎಂದರು ಆಮೇಲೆ. "ತೋರಸಂಗಿಲ್ಲಂತ ಕೊಟ್ಟಿದ್ದಿಲ್ಲ. ನಿಮ್ಮಪ್ಪ ಬಂದು ಒಯ್ಯೋತನಕ ಆ ವಾರ ಪೂರಾ ಆ ಫಿಲ್ಮ್ ನನ್ನ ಹಂತ್ಯಾಕ ಇತ್ತು. ಊಟ ಸೇರಲಿಲ್ಲ ನಂಗ. ನೀನೇ ನೋಡಿ ತಿಳಕೊಂಡ್ರ ನನ್ನ ಮ್ಯಾಲ ಮಾತು ಬರಂಗಿಲ್ಲ ಅಂತ ಹಾಕ್ದೆ."

"ಉಲ್ಟಾ ಯಾಕ ಹಾಕಿದ್ರಿ?"

ಅವರು ನನ್ನ ಮುಖ ನೋಡಿದರು. "ಸೀದಾ ಹಾಕಿದ್ರ ನೀ ಗುರ್ತು ಹಿಡೀತಿದ್ದಿ, ಬೇಟಾ."

ಅಪ್ಪ ಮುಚ್ಚಿಟ್ಟ. ಅವ್ವ ಆಣೆಗೆ ಕಟ್ಟುಬಿದ್ದಳು. ಅವರಿಬ್ಬರೂ ಮುಚ್ಚಿಟ್ಟದ್ದು ಮುಚ್ಚಿಟ್ಟಂತೆಯೇ ಇತ್ತು. ಇವರು ತೋರಿಸಿದರು, ಕಾಣದ ಹಾಗೆ ತೋರಿಸಿದರು. ತೋರಿಸಿದ್ದೇನೆ ಎಂಬ ಸಮಾಧಾನ ತಮಗಿರಲಿ, ನನಗೆ ಮಾತ್ರ ತಿಳಿಯದಿರಲಿ ಎಂದು. ಮೇಲಾಗಿ ನನ್ನ ಬಾಯಿಂದಲೇ ಅಪ್ಪನ ಉಸಿರನ್ನು ಹೊಗಳಿಸಿದರು.

"ಈಗ ಸೀದಾ ಹಾಕ್ರಿ" ಎಂದೆ.

ಅವರು ಎದ್ದು ಬೆಳಕಿನ ಪೆಟ್ಟಿಗೆಯ ಸ್ವಿಚ್ ಒತ್ತಿದರು. ಫಿಲ್ಮ್ ಸೀದಾ ಹಾಕಿದರು. ನಾನು ನಿಂತು ನೋಡಿದೆ. ಎಡ ಎಲುಬಿನ ಗಂಟು ಅಂಗೈ ಗೆರೆಯಷ್ಟು ಸ್ಪಷ್ಟವಾಗಿತ್ತು. ಬಲಗಡೆ ಮೇಲೆ ಬೆಳ್ಳಗಿನ ಗುಂಡು, ಅಷ್ಟೇನೂ ದೊಡ್ಡದಲ್ಲ. ಆ ದಿನ ನೋಡಿದ್ದರೆ ಅಪ್ಪ ಬದುಕುತ್ತಿದ್ದ ಎಂದು ನಾನು ಹೇಳುವುದಿಲ್ಲ. ಅದನ್ನು ಹೇಳುವಷ್ಟು ನಾನು ಓದಿಲ್ಲ. ಆದರೆ ಬಸ್ಸಿನಲ್ಲಿ ಅವನ ಪಕ್ಕದಲ್ಲಿ ಬೇರೆ ರೀತಿ ಕುಳಿತಿರುತ್ತಿದ್ದೆ. ಕಪನೂರಿನಲ್ಲಿ ಅವನೊಡನೆ ಇಳಿಯುತ್ತಿದ್ದೆ.

ಕೋರ್ಸ್ ಮುಗಿಸಿದೆ. ಎರಡು ತಿಂಗಳಷ್ಟೇ ಉಳಿದಿತ್ತು. ಬಿಟ್ಟುಬಿಡಬೇಕೆಂದು ದಿನವೂ ಅನಿಸಿತು. ಆದರೆ ಬಿಟ್ಟರೆ ಅವರು ಮೂವರೂ ಹೆದರಿದ್ದು ನಿಜವಾಗುತ್ತಿತ್ತು. ಪ್ರಮಾಣಪತ್ರದ ಮೇಲೆ ಸರ್ ಸಹಿ ಮಾಡಿದರು. "ದುವಾ ಮಾಡ್ತೀನಿ ಬೇಟಾ" ಎಂದರು. ನಾನು ತಲೆಬಾಗಿಸಿ ಬಂದೆ, ಆಮೇಲೆ ಹೋಗಿಲ್ಲ. ಹಬ್ಬಕ್ಕೆ ಅವರ ಫೋನು ಬರುತ್ತದೆ, ನಾನು ಎತ್ತುವುದಿಲ್ಲ. ಈಗ ಕಮಲಾಪುರದಲ್ಲೇ ಕೆಲಸ ಮಾಡುತ್ತೇನೆ. ಏನು ಬಂದದ ಎಂದು ಜನ ಕೇಳಿದರೆ ಡಾಕ್ಟರ್ ಹೇಳ್ತಾರ್ರಿ ಎನ್ನುತ್ತೇನೆ. ಬೇರೆ ಏನು ಹೇಳಲು ಬರುತ್ತದೆ?

ಸರ್ ಎದುರು ಲಕೋಟೆ ಇಟ್ಟ ಆ ದಿನ ಫಿಲ್ಮ್ ತೆಗೆದುಕೊಂಡು ಮನೆಗೆ ಬಂದಾಗ ಅವ್ವ ಅದನ್ನು ಮತ್ತೆ ಕಿಟಕಿಗೆ ಹಿಡಿಯಲು ಹೇಳಿದಳು. ನಾನು ಅವಳ ಮೇಲೆ ಇನ್ನೂ ಸಿಟ್ಟಿನಲ್ಲಿದ್ದೆ. ಆದರೂ ಹಿಡಿದೆ. ಅವಳು ತುಂಬಾ ಹೊತ್ತು ನೋಡಿದಳು.

"ಬಾಗಿಲಿಗಿ ನಿಲ್ಲಿಸಿ ಕಲಸ್ತಿದ್ದೆಲ್ಲ, ಉಸಿರು ಹಿಡಿಯೋದು. ಇದರಾಗ ಹಿಡದಾರೇನು?"

"ಹಿಡದಾನ."

"ಬಿಟ್ಟಿದ್ದು ಎಲ್ಲಿ ಅದ?"

"ಅದು ಬರಂಗಿಲ್ಲವ್ವಾ. ಬಿಡ್ರಿ ಅನ್ನೋದು ಫೋಟೋ ಆದ ಮ್ಯಾಲ."

"ಯಾರು ಅನ್ನಬೇಕು ಅದನ್ನ?"

"ಫೋಟೋ ತಗೀವರು" ಎಂದೆ. ಆಮೇಲೆ ಫಿಲ್ಮನ್ನು ಲಕೋಟೆಯೊಳಗೆ ಹಾಕಿ ಅವಳ ಕೈಗೆ ಕೊಟ್ಟೆ.